ಹುಳದ ಮನೆಗೆ ಬಂದ ಅಮೆರಿಕಾ ಸರ್ಕಾರ

ಹರದನಹಳ್ಳಿಯ ಮರಿಮಲ್ಲಪ್ಪನವರು ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಓದಿ, ಒಂದೇ ಒಂದು ವಿಷಯದಲ್ಲಿ ಪಾಸಾಗಿ ಊರಿಗೆ ಬಂದರು. ಇಂಗ್ಲಿಷು ಕೈಕೊಟ್ಟಿತು, ಲೆಕ್ಕ ಕೈಕೊಟ್ಟಿತು, ಇತಿಹಾಸವಂತೂ ಅವರ ಕಡೆ ತಿರುಗಿಯೂ ನೋಡಲಿಲ್ಲ. ಕೈಹಿಡಿದದ್ದು ಅಮೆರಿಕಾ ದೇಶದ ಸರ್ಕಾರ ಹೇಗೆ ನಡೆಯುತ್ತದೆ ಎನ್ನುವ ಪಾಠ ಒಂದೇ. ಅಲ್ಲಿ ನಲವತ್ತೆಂಟು ರಾಜ್ಯ, ರಾಜ್ಯಕ್ಕೆ ಇಬ್ಬರಂತೆ ಸೆನೆಟ್ಟಿನಲ್ಲಿ ತೊಂಬತ್ತಾರು ಜನ ಎನ್ನುವುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಕೊಟ್ಟಿಗೆಯಲ್ಲಿ ಎತ್ತು ಎಷ್ಟು ಎಂದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಅದು ಕನ್ನಡದವರ ನಾಡೆಲ್ಲ ಒಂದಾಗಬೇಕು ಎಂಬ ಮಾತು ಬಸ್ಸಿನಲ್ಲಿ, ಹೋಟೆಲಿನಲ್ಲಿ ನಡೆಯುತ್ತಿದ್ದ ಕಾಲ. ಹಾಗಾಗಿ ರಾಜ್ಯ, ಕೇಂದ್ರ ಎಂದು ಮಾತಾಡುವವರಿಗೆ ಚಾಮರಾಜನಗರದಲ್ಲಿ ಒಂದು ಲೋಟ ಕಾಫಿ ಪುಕ್ಕಟೆ ಸಿಗುತ್ತಿತ್ತು. ಮರಿಮಲ್ಲಪ್ಪನವರು ಬೆಳಿಗ್ಗೆ ಹೋದರೆ ಕಾಫಿಯ ಮೇಲೆ ಕಾಫಿ ಕುಡಿದು ಊಟದ ಹೊತ್ತಿಗೆ ಬರುತ್ತಿದ್ದರು. ಊಟದ ಹೊತ್ತು ಒಂದು ದಿನವೂ ತಪ್ಪಿದ್ದಿಲ್ಲ.

ಇಂಥವರ ಕೈಹಿಡಿದವಳು ಗುಂಡ್ಲುಪೇಟೆ ಕಡೆಯ ಪುಟ್ಟಮಲ್ಲಮ್ಮ. ತವರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಸೊಪ್ಪು ಮೇಯುವ ಸದ್ದು ಕೇಳುತ್ತಾ ನಿದ್ದೆ ಹೋದ ಹುಡುಗಿಗೆ ಗಂಡನ ಮನೆಯ ರಾತ್ರಿ ಬಿಕೋ ಎನ್ನುತ್ತಿತ್ತು. ಬಂದ ವರ್ಷದಿಂದ ಅತ್ತೆ ದೊಡ್ಡಮಲ್ಲಮ್ಮನನ್ನು ಕೇಳುತ್ತಲೇ ಇದ್ದಳು. ಹಿತ್ತಿಲ ಕೋಣೆ ಖಾಲಿ ಇದೆ, ಅದರಲ್ಲಿ ಹುಳ ಸಾಕುತ್ತೇನೆ ಎಂದು.

"ಲಿಂಗ ಕಟ್ದೋರ ಮನೆ ಕಣಮ್ಮಿ ಇದು. ಜೀವ ತೆಗಿಯೋ ಕಸುಬು ನಮ್ಗೆ ಯಾಕೆ?"

"ನಾವು ಗೂಡು ಮಾರೋದು ಅತ್ತೆ. ಬೇಯ್ಸೋರು ಬ್ಯಾರೆಯೋರು."

ದೊಡ್ಡಮಲ್ಲಮ್ಮ ಗಂಡ ಹೋದಂದಿನಿಂದ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಬಹಳ ದಿನ ಆಲೋಚಿಸಿ ಕೊನೆಗೆ ಒಂದು ಮಾತು ಕೊಟ್ಟಳು. "ಒಂದು ಬೆಳೆ ನೋಡು. ಚೆಂದಾಗಿ ಬಂದ್ರೆ ಕೋಣೆ ನಿಂದು. ಕೆಟ್ರೆ ಇನ್ನೊಂದ್ಸಲ ಈ ಒಸ್ಲೊಳಕ್ಕೆ ಹುಳದ ಎಸ್ರು ಬರಂಗಿಲ್ಲ."

ಪುಟ್ಟಮಲ್ಲಮ್ಮ ಮೊಟ್ಟೆ ತಂದು ಮರಿ ಒಡೆಸಿ ಹುಳ ಸಾಕಲು ಹಿಡಿದಳು. ಮರಿಮಲ್ಲಪ್ಪನವರು ಮನೆಗೆ ಅಮೆರಿಕಾ ತಂದದ್ದೂ ಅದೇ ವಾರ.

"ಅವ್ವ, ಈ ಮನೇಲಿ ನಡೀತಿರೋದು ರಾಜರ ಆಳ್ವಿಕೆ. ಎಲ್ಲಾನೂ ನೀನೊಬ್ಬಳೇ ಹೇಳೋದು" ಎಂದರು ಒಂದು ಸಂಜೆ ಜಗುಲಿಯಲ್ಲಿ.

"ಇನ್ಯಾರ್ಲಾ ಏಳ್ಬೇಕು? ನಿಮ್ಮಪ್ಪ ಗದ್ಗೆಯಿಂದ ಎದ್ದು ಬಂದನಾ?"

"ಅಧಿಕಾರಾನ ಮೂರು ಪಾಲು ಮಾಡ್ಬೇಕು. ಕಾನೂನು ಮಾಡೋರು ಬೇರೆ, ನಡೆಸೋರು ಬೇರೆ, ನ್ಯಾಯ ಹೇಳೋರು ಬೇರೆ. ಒಬ್ಬರು ತಪ್ಪಿದ್ರೆ ಇನ್ನೊಬ್ಬರು ತಡೀತಾರೆ."

ದೊಡ್ಡಮಲ್ಲಮ್ಮನಿಗೆ ಮಂಡಿ ನೋವು. ದಿನಾ ಎಲ್ಲರಿಗೂ ಹೇಳಿ ಹೇಳಿ ಬಾಯೂ ನೋವು. "ಮಾಡ್ಕೊ ಓಗು. ನಂಗೂ ಸಾಕಾಗದೆ" ಎಂದಳು.

ಹೀಗೆ ಸರ್ಕಾರ ರಚನೆಯಾಯಿತು. ಸೆನೆಟ್ಟು ಎಂದರೆ ದೊಡ್ಡಮಲ್ಲಮ್ಮ ಒಬ್ಬಳೇ. ಕೆಳಮನೆಗೆ ಸೊಸೆಯರಿಬ್ಬರು. ಪ್ರೆಸಿಡೆಂಟು ಹಿರಿಮಗ ಪುಟ್ಟಬಸಪ್ಪ. ಸುಪ್ರೀಂ ಕೋರ್ಟಿಗೆ ಓದಿದವರೇ ಬೇಕಲ್ಲ, ಅದನ್ನು ಮರಿಮಲ್ಲಪ್ಪನವರು ಬಹಳ ಸಂಕೋಚದಿಂದ ತಾವೇ ಒಪ್ಪಿಕೊಂಡರು. ನ್ಯಾಯ ಹೇಳುವವನು ಯಾರ ಹಂಗಿನಲ್ಲೂ ಇರಬಾರದಂತೆ. ಹೊಲಕ್ಕೆ ಹೋದರೆ ಪ್ರೆಸಿಡೆಂಟರ ಹಂಗು, ಸೌದೆ ಒಡೆದರೆ ಕೆಳಮನೆಯ ಹಂಗು. ಅದಕ್ಕೇ ಅವರು ಎರಡನ್ನೂ ಮಾಡಲಿಲ್ಲ. ಮೊದಲೂ ಮಾಡುತ್ತಿರಲಿಲ್ಲ, ಈಗ ಅದಕ್ಕೊಂದು ಕಾರಣ ಸಿಕ್ಕಿತು.

"ನಮ್ಮಿಬ್ಬರದು ಕೆಳಮನೆ ಅಂತೆ ಕಣಮ್ಮಿ" ಎಂದಳು ಪುಟ್ಟಬಸಪ್ಪನ ಹೆಂಡತಿ ಚಿಕ್ಕಮಲ್ಲಮ್ಮ, ಒಲೆ ಊದುತ್ತಾ. "ಒಲೆ ಮುಂದೆ ಕೂತ್ಕಂಡೇ ಕಾನೂನು ಮಾಡ್ಬೋದಂತೆ. ಎದ್ದು ಓಗಂಗಿಲ್ಲ, ಅಷ್ಟೇಯ."

ಮೊದಮೊದಲು ನಷ್ಟವೇನಿರಲಿಲ್ಲ. ಸಾರು ಹುರುಳಿಕಾಳಿನದೋ ಅವರೆಕಾಳಿನದೋ ಎಂದು ಎರಡು ಮನೆಯೂ ಒಪ್ಪಿ ಪ್ರೆಸಿಡೆಂಟರು ಹೊಲದಿಂದ ಬಂದು ಹೂಂ ಎನ್ನುವ ಹೊತ್ತಿಗೆ ಮುದ್ದೆ ತಣ್ಣಗಾಗಿರುತ್ತಿತ್ತು. ತಣ್ಣನೆ ಮುದ್ದೆ ತಿಂದು ಯಾರೂ ಸತ್ತಿಲ್ಲ.

ಆದರೆ ಹುಳ ಹಾಗಲ್ಲ. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಎಂದರೆ ಪೊರೆ ಬಿಡುವ ಹೊತ್ತು. ಆಗ ಮೇವು ಮುಟ್ಟದೆ ತಲೆ ಎತ್ತಿಕೊಂಡು ಅಲುಗದೆ ಕೂತಿರುತ್ತದೆ. ನಾಲ್ಕನೆಯ ಜ್ವರದಿಂದ ಎದ್ದಿತೆಂದರೆ ರಾಕ್ಷಸನ ಹಸಿವು. ಒಂದು ವಾರ ಹಗಲಿರುಳು ಮೇಯಬೇಕು, ಆಮೇಲೆ ಹಣ್ಣಾಗಿ ಗೂಡು ಕಟ್ಟಬೇಕು. ಆ ವಾರದಲ್ಲಿ ಸೊಪ್ಪು ತಪ್ಪಿತೋ, ಅಲ್ಲಿಯವರೆಗೆ ಪಟ್ಟ ಪಾಡೆಲ್ಲ ತಿಪ್ಪೆಗೆ.

ಪುಟ್ಟಮಲ್ಲಮ್ಮನ ಹುಳ ನಾಲ್ಕನೆಯ ಜ್ವರದಿಂದ ಎದ್ದು ಮೂರು ದಿನಕ್ಕೆ ಬಾವಿ ಪಕ್ಕದ ಹಿಪ್ಪುನೇರಳೆ ಗಿಡ ಬೋಳಾಯಿತು. ಹಳ್ಳದಾಚೆ ಹೊಲದಲ್ಲಿ ಸೊಪ್ಪು ಸೊಂಪಾಗಿ ನಿಂತಿತ್ತು. ಆ ಹೊಲ ನೋಡಿಕೊಳ್ಳುವವನು ಬಾವ ಪುಟ್ಟಬಸಪ್ಪ. ಸಂತೆಮರಹಳ್ಳಿಯಿಂದ ಬರುವವರಿಗೆ ಸೊಪ್ಪು ಮಾರುವುದು ಅವನ ಅಭ್ಯಾಸ. ಮೊದಲಾದರೆ ಅತ್ತೆ "ಕುಯ್ಕೊ ಓಗು" ಎಂದಿದ್ದರೆ ಮುಗಿಯುತ್ತಿತ್ತು. ಈಗ ಕಾನೂನು ಇದೆ.

ಕೆಳಮನೆ ಕೂಡಲೇ ಒಪ್ಪಿತು. ಚಿಕ್ಕಮಲ್ಲಮ್ಮ ಗಂಡನ ಸೊಪ್ಪೆಂದು ನೋಡದೆ ಸೌಟು ಎತ್ತಿದಳು. ಸೆನೆಟ್ಟು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಹೂಂ ಎಂದಿತು. ಉಳಿದವರು ಪ್ರೆಸಿಡೆಂಟರು.

ಪುಟ್ಟಬಸಪ್ಪ ಎಲೆಯಡಿಕೆ ಉಗಿದು ತಮ್ಮನನ್ನು ಕೇಳಿದ. "ಲೋ ಮರಿ, ಎರಡು ಮನೆಯೋರು ಒಪ್ಪುದ್ಮೇಲೆ ನಾ ಎಷ್ಟು ದಿವ್ಸದೊಳ್ಗೆ ಒಪ್ಬೇಕ್ಲಾ?"

ಯಾರೋ ತನ್ನನ್ನು ಪಾಠ ಕೇಳಿದರಲ್ಲ ಎಂದು ಮರಿಮಲ್ಲಪ್ಪನವರ ಮುಖ ಅರಳಿತು. "ಹತ್ತು ದಿನ ಅಣ್ಣ. ಅಷ್ಟರಲ್ಲಿ ಏನೂ ಹೇಳದೆ ಸುಮ್ಮನಿದ್ರೆ ತಾನಾಗೇ ಕಾನೂನಾಗುತ್ತೆ. ಅಮೆರಿಕಾದಲ್ಲಿ ಭಾನುವಾರ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಸೋಮವಾರ ಎತ್ತು ಕಟ್ಟಲ್ವಲ್ಲ, ಸೋಮವಾರ ಬಿಡಬೇಕು."

"ಅಂಗಾದ್ರೆ ಸುಮ್ಕಿರ್ತೀನಿ ಬುಡು" ಎಂದ ಪುಟ್ಟಬಸಪ್ಪ. ಕೊಡುವುದಿಲ್ಲ ಎಂದು ಹೇಳುವ ಪಾಪ ಅವನಿಗೆ ಬರಲಿಲ್ಲ. ತಮ್ಮನ ವಿದ್ಯೆ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಅವನಿಗೆ ಅಂದೇ ತಿಳಿದದ್ದು.

ಪುಟ್ಟಮಲ್ಲಮ್ಮ ಗಂಡನ ಮುಂದೆ ನಿಂತಳು. "ಹುಳ ಇನ್ನು ನಾಕು ದಿವ್ಸ ಮೇಯ್ತವೆ, ಅಷ್ಟೇಯ. ಹತ್ತು ದಿವ್ಸಕ್ಕೆ ಸೊಪ್ಪು ಬಂದ್ರೆ ನನ್ನ ತಲೆ ಮೇಲೆ ಆಕ್ಕಬೇಕಾ?"

"ನಿನ್ನ ಕಷ್ಟ ನನಗೆ ಅರ್ಥವಾಗುತ್ತೆ. ಆದ್ರೆ ಕೋರ್ಟು ಪ್ರೆಸಿಡೆಂಟರ ಕೆಲಸಕ್ಕೆ ಕೈಹಾಕೋ ಹಾಗಿಲ್ಲ."

"ಹುಳಕ್ಕೆ ಏನು ಏಳ್ಲಿ?"

"ಸ್ವಲ್ಪ ತಾಳ್ಮೆ ಇರ್ಬೇಕು ಅಂತ."

ಪುಟ್ಟಮಲ್ಲಮ್ಮ ಕೋಣೆಗೆ ಬಂದಳು. ಹುಳಗಳು ಬರಿಯ ಕಡ್ಡಿಯ ಮೇಲೆ ಹರಿದಾಡುತ್ತಿದ್ದವು. ಸದ್ದೇ ಇರಲಿಲ್ಲ. ಆ ಬಿಕೋ ಎನ್ನುವುದನ್ನು ಅವಳು ಸಾಕಷ್ಟು ವರ್ಷ ಕೇಳಿದ್ದಳು.

ಹಿಂದಿನ ಬೀದಿಯ ಗುರುಮಲ್ಲಮ್ಮ ಮಗಳ ಬಾಣಂತನವೆಂದು ಆ ಬೆಳೆ ಹುಳ ಹಿಡಿದಿರಲಿಲ್ಲ. ಅವಳ ಸೊಪ್ಪು ಗಿಡದಲ್ಲೇ ಇತ್ತು. ಊರಿನ ವಾಡಿಕೆಯಂತೆ ಪಾಲಿಗೆ ಮಾಡಬಹುದು. ಒಬ್ಬರ ಹುಳ, ಒಬ್ಬರ ಸೊಪ್ಪು, ಗೂಡು ಅರ್ಧ ಅರ್ಧ. ಆದರೆ ಪಾಲಿನ ಹುಳ ಸೊಪ್ಪಿನವರ ಮನೆಯಲ್ಲೇ ಇರಬೇಕು. ಇದಕ್ಕೆ ಎರಡು ಮನೆ, ಪ್ರೆಸಿಡೆಂಟು ಯಾವುದೂ ಬೇಡ. ಗುರುಮಲ್ಲಮ್ಮ "ಬೇಗ ತಕಬಾ" ಎಂದಳು, ಕಾನೂನಾಯಿತು.

ಪುಟ್ಟಮಲ್ಲಮ್ಮ, ಚಿಕ್ಕಮಲ್ಲಮ್ಮ ಹುಳದ ತಟ್ಟೆ ಹೊತ್ತು ಹೊರಟಾಗ ಮರಿಮಲ್ಲಪ್ಪನವರು ಬಾಗಿಲಿಗೆ ಅಡ್ಡ ನಿಂತರು. "ಒಂದ್ಸಲ ಸೇರಿದ್ಮೇಲೆ ಒಕ್ಕೂಟ ಬಿಟ್ಟು ಹೋಗೋ ಹಾಗಿಲ್ಲ. ಅಮೆರಿಕಾದಲ್ಲಿ ಹಿಂಗೇ ಹೊರಟಿದ್ದಕ್ಕೆ ನಾಲ್ಕು ವರ್ಷ ಯುದ್ಧ ಆಯ್ತು."

"ಯುದ್ಧ ಆಮ್ಯಾಕೆ ಮಾಡೀರಂತೆ. ಈಗ ಇದ ಒಸಿ ಇಡ್ಕಳಿ" ಎಂದು ಅವಳು ತಟ್ಟೆಯನ್ನು ಅವರ ಕೈಗೆ ಕೊಟ್ಟು ಇನ್ನೊಂದು ತರಲು ಒಳಗೆ ಹೋದಳು. ಹುಳ ತುಂಬಿದ ತಟ್ಟೆಯನ್ನು ನೆಲಕ್ಕಿಟ್ಟರೆ ಇರುವೆ, ಓರೆ ಮಾಡಿದರೆ ಕೆಳಗೆ. ಸುಪ್ರೀಂ ಕೋರ್ಟಿಗೆ ಅದನ್ನು ಹೊತ್ತು ನಡೆಯುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ.

ಬೀದಿಯ ಜಗುಲಿಯಲ್ಲಿ ಕೂತಿದ್ದ ದೊಡ್ಡಬೀರಯ್ಯ ಕೇಳಿದ. "ಏನ್ ಬುದ್ಧಿ, ಅಮೆರಿಕಾ ಈ ಕಡೀಕೆ ಬತ್ತದಾ?"

ಮರಿಮಲ್ಲಪ್ಪನವರು ತೀರ್ಪನ್ನು ಕಾಯ್ದಿರಿಸಿದರು.

ಅರ್ಧ ದಿನ ಹಸಿದದ್ದಕ್ಕೆ ಹುಳ ಸ್ವಲ್ಪ ಸೊರಗಿದ್ದವು. ಆದರೂ ಮೇದವು, ಹಣ್ಣಾದವು, ಬಿದಿರಿನ ಚಂದ್ರಿಕೆ ಹತ್ತಿ ಗೂಡು ಕಟ್ಟಿದವು. ಗೂಡು ಬಿಡಿಸಿ ಪಾಲಾದ ದಿನ ಪುಟ್ಟಮಲ್ಲಮ್ಮ ತನ್ನ ಪಾಲಿನ ಗೂಡು ತುಂಬಿದ ಮಂಕರಿಯನ್ನು ತಂದು ಅತ್ತೆಯ ಮುಂದಿಟ್ಟು ಕೈಕಟ್ಟಿ ನಿಂತಳು. ಅದೇ ದಿನ ಸೋಮವಾರಗಳೆಲ್ಲ ಕಳೆದು ಪ್ರೆಸಿಡೆಂಟರ ಗಡುವೂ ಮುಗಿದಿತ್ತು. ಪುಟ್ಟಬಸಪ್ಪ ಒಳಗೆ ಬಂದು ದೊಡ್ಡ ಮನಸ್ಸಿನಿಂದ ಹೇಳಿದ. "ನಾ ಏನೂ ಅನ್ನಕಿಲ್ಲ ಕಣವ್ವ. ಕುಯ್ಕಳ್ಲಿ ಸೊಪ್ಪ."

ಬೆಲೆ ಏರಲೆಂದು ಬಿಟ್ಟಿದ್ದು ಬಲಿತು ಹಳದಿಗೆ ತಿರುಗಿದ ಆ ಸೊಪ್ಪನ್ನು ಸಂತೆಮರಹಳ್ಳಿಯವರು ಹಿಂದಿನ ದಿನವೇ ಬೇಡವೆಂದು ಹೋಗಿದ್ದರು.

ದೊಡ್ಡಮಲ್ಲಮ್ಮ ಒಂದು ಗೂಡನ್ನು ಎತ್ತಿಕೊಂಡು ಬೆರಳಲ್ಲಿ ಅದುಮಿ ನೋಡಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಇನ್ನೊಂದನ್ನು ಎತ್ತಿಕೊಂಡಳು.

"ಬೆಳೆ ಬಂದದೆ" ಎಂದಳು. "ಬಂದಿದ್ದು ನಮ್ಮನೇಲಲ್ಲ."

ಪುಟ್ಟಮಲ್ಲಮ್ಮ ಮಂಕರಿ ಎತ್ತಿಕೊಳ್ಳಲು ಬಗ್ಗಿದಳು.

"ನಾ ಏಳಿದ್ದು ಬೆಳೆ ಮಾತ. ಗ್ವಾಡೆ ಮಾತಲ್ಲ. ಕೋಣೆ ನಿಂದು ಕಣಮ್ಮಿ. ಅಳ್ಳದಾಚೆ ಸೊಪ್ಪೂ ಇನ್ಮೇಕೆ ಹುಳಕ್ಕೇಯ."

ಮರಿಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡರು. "ಅವ್ವ, ಇದು ಮೊದಲು ಕೆಳಮನೆಗೆ..."

"ಸುಮ್ಕಿರ್ಲಾ. ಮುಂದ್ಲ ಬೆಳೆಯಿಂದ ಸೊಪ್ಪು ಹೊರೋನು ನೀನು."

ಹರದನಹಳ್ಳಿಯಲ್ಲಿ ಅಮೆರಿಕಾ ಸರ್ಕಾರ ಮುಗಿದದ್ದು ಹೀಗೆ. ಯುದ್ಧವೇನೂ ಆಗಲಿಲ್ಲ.

ಮರಿಮಲ್ಲಪ್ಪನವರು ಆಮೇಲೆ ಎಷ್ಟೋ ಬೆಳೆಗೆ ಸೊಪ್ಪು ಹೊತ್ತರು. ಚಾಮರಾಜನಗರಕ್ಕೆ ಹೋಗುವಷ್ಟು ಬಿಡುವು ಸಿಗುತ್ತಿರಲಿಲ್ಲ, ಹಾಗಾಗಿ ಪಾಠವನ್ನು ಹುಳದ ಕೋಣೆಯಲ್ಲೇ ಮಾಡುತ್ತಿದ್ದರು. ಒಂದು ದಿನ ತಟ್ಟೆಗಳನ್ನು ತೋರಿಸಿ ಹೆಂಡತಿಗೆ ಹೇಳಿದರು. "ನೋಡು, ಸೆನೆಟ್ಟಿನ ಮಾತು ತೆಗೆದ ಕೂಡಲೇ ಮೇಯೋದು ಬಿಟ್ಟು ತಲೆ ಎತ್ತಿ ಕೇಳ್ತಾವೆ."

ಹುಳಗಳು ಎರಡನೆಯ ಜ್ವರಕ್ಕೆ ಕೂತಿದ್ದವು. ಪುಟ್ಟಮಲ್ಲಮ್ಮ ಅದನ್ನು ಹೇಳಲಿಲ್ಲ. "ಊಂ, ಕೇಳ್ತವೆ. ಪಾಠ ಏಳಿ ನೀವು" ಎಂದು ಪೊರಕೆಯನ್ನು ಅವರ ಕೈಗೆ ಕೊಟ್ಟಳು.