ಗ್ಲೆನಿಸ್ ಕ್ಷಮೆ ಕೇಳಿದ ವೈರು

ಒದ್ದೆ ಮಣ್ಣಿನಲ್ಲಿ ಹರಿಯುವ ಕರೆಂಟಿಗೆ ಯಾರ ಮುಖದಾಕ್ಷಿಣ್ಯವೂ ಇಲ್ಲ. ಇದು ನಿಮಗೆ ಗೊತ್ತಿರಬೇಕು. ಅರ್ನಾಲ್ಡ್ ಗ್ರಿಮ್‌ಶಾಗೂ ಗೊತ್ತಿತ್ತು. ಗೊತ್ತಿದ್ದೇ ಆತ ಅಡುಗೆಮನೆಯ ಸಿಂಕಿನ ಹಿಂದೆ ಗೋಡೆಗೆ ತೂತು ಕೊರೆದು, ಹುಲ್ಲು ಕತ್ತರಿಸುವ ಯಂತ್ರದ ಕಿತ್ತಳೆ ವೈರನ್ನು ಹೊರಗೆಳೆದು, ಬೇಲಿಯ ಬುಡದಲ್ಲಿ ಒಂದು ಗೇಣು ಮಣ್ಣು ಮುಚ್ಚಿ, ಹಿತ್ತಲ ಕೊನೆಯ ಶೆಡ್ಡಿಗೆ ಮುಟ್ಟಿಸಿದ್ದ.

ಹಾಗಂತ ಅರ್ನಾಲ್ಡ್ ಹೊಣೆಗೇಡಿಯಲ್ಲ. ಇಂಗ್ಲೆಂಡಿನ ಬರ್ನ್ಲಿಯಲ್ಲಿ ಜೀವಮಾನವೆಲ್ಲ ಬಸ್ಸು ಓಡಿಸಿದವನು. ಹತ್ತಿದ ಅಜ್ಜಿ ಸೀಟಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುವ ತನಕ ಬಸ್ಸು ಅಲ್ಲಾಡುತ್ತಿರಲಿಲ್ಲ. ಹಿಂದಿನ ಕಾರಿನವರು ಹಾರನ್ ಬಾರಿಸಿದರೆ ಕನ್ನಡಿಗೆ ಹೇಳುತ್ತಿದ್ದ: “ಆಸ್ಪತ್ರೆ ಎಲ್ಲೂ ಓಡಿಹೋಗಲ್ಲ, ನಿಧಾನಕ್ಕೆ ಬನ್ನಿ.”

ನಿವೃತ್ತನಾಗಿ ಬಸ್ಸಿಳಿದ ಮೇಲೆ ಶೆಡ್ಡು ಹತ್ತಿದ. ಅಲ್ಲಿ ಡೇಲಿಯಾ ಗೆಡ್ಡೆಗಳ ತಟ್ಟೆಗಳು, ಒಂದು ರೇಡಿಯೋ, ಒಂದು ಹೀಟರು, ಒಂದು ಕೆಟಲು, ಹಳೇ ಬಸ್ಸಿನ ಹರಿದ ಸೀಟು.

“ಮನೇಲಿ ಟೀ ಸಿಗಲ್ವಾ ನಿಂಗೆ?” ಎಂದು ಹೆಂಡತಿ ನಾರ್ಮಾ ಕೇಳುತ್ತಿದ್ದಳು.

“ಸಿಗುತ್ತೆ. ಜೊತೆಗೆ ನೀನೂ ಸಿಗ್ತೀಯ.”

ಅಲ್ಲಿಯ ನಿಯಮ ಕಷ್ಟದ್ದೇನಲ್ಲ. ಶೆಡ್ಡಿಗೆ ಹೊಸ ಲೈನು ಬೇಕಾದರೆ ನೋಂದಾಯಿತ ಎಲೆಕ್ಟ್ರಿಶಿಯನ್ ಕೈಯಲ್ಲಿ ಹಾಕಿಸಬೇಕು, ಇಲ್ಲವೇ ಮೊದಲೇ ನಗರಾಡಳಿತದ ಕೌನ್ಸಿಲ್‌ಗೆ ತಿಳಿಸಬೇಕು. “ನನ್ನ ಹಿತ್ತಲಲ್ಲಿ ನಾನು ಟೀ ಕಾಯಿಸೋಕೆ ಅವರ ಅಪ್ಪಣೆ ಯಾಕೆ?” ಎಂದು ಗೊಣಗಿದ ಅರ್ನಾಲ್ಡ್, ನಾರ್ಮಾಳಿಗೆ ಮಾತ್ರ “ಎಲ್ಲಾ ರೂಲ್ ಪ್ರಕಾರವೇ ಆಗಿದೆ” ಎಂದುಬಿಟ್ಟ. ಅವಳು ನಂಬಿದಳು. ಇಡೀ ಊರೇ ನಂಬಿದ ಡ್ರೈವರಲ್ಲವೇ?

ಇನ್ನೊಂದು ಘನಕಾರ್ಯವಿದೆ. ಬೇಲಿಯ ಬುಡದಲ್ಲಿ ಮುಳ್ಳುಗಿಡದ ದಪ್ಪ ಬೇರು ಅಡ್ಡ ಬಂದಾಗ ವೈರನ್ನು ಅಲ್ಲಿ ಆಚೆಗೆ, ಪಕ್ಕದ ಮನೆಯ ಗ್ಲೆನಿಸ್ ಹೂವಿನ ಪಾತಿಯೊಳಗೆ ತೂರಿಸಿದ. ಕೇಳಲಿಲ್ಲ. ಆ ಬೀದಿಯಲ್ಲಿ ಬೇಲಿಯಾಚೆಯವರ ಹತ್ತಿರ ಮಳೆಯ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡಬಹುದು; ಏನನ್ನಾದರೂ ಕೇಳುವುದೆಂದರೆ ಪ್ರಾಣಸಂಕಟ. ಅತ್ತ ಗ್ಲೆನಿಸ್, ಅರ್ನಾಲ್ಡನ ಶೆಡ್ಡಿನ ಬಳಿ ನೆಲದಿಂದ ಇಣುಕುತ್ತಿದ್ದ ಕಿತ್ತಳೆ ತುದಿಯನ್ನು ಎಷ್ಟೋ ಸಲ ನೋಡಿದ್ದಳು. ಅವಳೂ ಕೇಳಲಿಲ್ಲ. “ನಿಮ್ಮ ಡೇಲಿಯಾ ಈ ಸಲ ತುಂಬ ಚೆನ್ನಾಗಿ ಬಂದಿದೆ, ಅರ್ನಾಲ್ಡ್” ಎಂದು ಒಳಗೆ ಹೋಗುತ್ತಿದ್ದಳು. ಇದನ್ನು ಸಭ್ಯತೆ ಎನ್ನುತ್ತಾರೆ. ನಾನು ಬೇರೆ ಹೆಸರಿಡುತ್ತೇನೆ, ಆದರೆ ಪತ್ರಿಕೆಯವರು ಅದನ್ನು ಅಚ್ಚು ಹಾಕುವುದಿಲ್ಲ.

ಅಕ್ಟೋಬರಿನ ಒಂದು ಶನಿವಾರ, ಮಳೆ ಬಿಟ್ಟ ಮಧ್ಯಾಹ್ನ. ಅರ್ನಾಲ್ಡ್ ಶೆಡ್ಡಿನಲ್ಲಿ ಕೂತು ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಿದ್ದ. ಇವರ ಊರಿನ ತಂಡ ಇನ್ನೇನು ಗೋಲು ಹೊಡೆಯಬೇಕು, ರೇಡಿಯೋ ಸತ್ತಿತು. ಕುದಿಯುತ್ತಿದ್ದ ಕೆಟಲು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

“ನಾರ್ಮಾ! ಏನ್ ಮಾಡಿದ್ಯೇ?”

“ನಾನೇನ್ ಮಾಡ್ಲಿ? ಇಡೀ ಮನೆ ಕರೆಂಟ್ ಹೋಗಿದೆ!”

ಆಗ ಬೇಲಿಯ ಮೇಲೆ ಗ್ಲೆನಿಸ್ ತಲೆ ಕಾಣಿಸಿತು. ಕೈಯಲ್ಲಿ ಸನಿಕೆ. ಅದರ ಅಲಗಿನಲ್ಲಿ ಇಲಿ ಕಡಿದಂಥ ಕಪ್ಪು ಕಚ್ಚು.

“ತುಂಬಾ ಸಾರಿ, ಅರ್ನಾಲ್ಡ್. ಹೂವಿನ ಗೆಡ್ಡೆ ನೆಡೋಕೆ ಅಗೀತಿದ್ದೆ. ನಿಮ್ಮ ವೈರು ಕತ್ತರಿಸಿಬಿಟ್ಟೆ ಅನ್ಸುತ್ತೆ.”

“ನಿಮಗೇನಾದ್ರೂ...”

“ನನಗೇನಿಲ್ಲ. ಪುಣ್ಯಕ್ಕೆ ಮರದ ಹಿಡಿ. ಮ್ಯಾಚು ಹಾಳು ಮಾಡಿದ್ನಾ? ಛೆ, ಸಾರಿ.”

ನೋಡಿ ಇದನ್ನು. ಅವಳ ನೆಲದಲ್ಲಿ ಸಾವನ್ನು ಹೂತಿಟ್ಟವನು ಇವನು. ಕ್ಷಮೆ ಕೇಳುತ್ತಿರುವವಳು ಅವಳು! ಅವರ ಕಾಲನ್ನು ನೀವು ತುಳಿದರೂ ಅವರೇ ಸಾರಿ ಹೇಳುವ ಊರದು.

“ಯಾರಿಗೂ ಹೇಳಲ್ಲ, ಬಿಡಿ” ಎಂದು ಗ್ಲೆನಿಸ್ ದನಿ ತಗ್ಗಿಸಿದಳು. “ತುದಿ ಇಲ್ಲೇ ಇದೆ, ಎತ್ತಿಕೊಡ್ತೀನಿ ತಾಳಿ.” ಅವಳ ತಲೆ ಬೇಲಿಯ ಹಿಂದೆ ಮರೆಯಾಯಿತು.

ಅರ್ನಾಲ್ಡನ ಜೇಬಿನಲ್ಲಿ ಇನ್ಸುಲೇಶನ್ ಟೇಪಿತ್ತು. ಸುಮ್ಮನೆ ಸುತ್ತಿ, ಮಣ್ಣು ಮುಚ್ಚಿ, ದ್ವಿತೀಯಾರ್ಧ ಕೇಳಬಹುದಿತ್ತು. ಕೈ ಜೇಬಿಗೆ ಹೋಗಿಯೂ ಇತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ದನಿ:

“ಬೋರ್ಡಲ್ಲಿ ಒಂದು ಸ್ವಿಚ್ಚು ಕೆಳಗೆ ಬಿದ್ದಿದೆ ಕಣೋ, ಎತ್ತಿಬಿಡ್ಲಾ?”

ಅಲ್ಲಿ ನಾರ್ಮಾಳ ಬೆರಳು ಸ್ವಿಚ್ಚಿನ ಮೇಲೆ. ಇಲ್ಲಿ ಗ್ಲೆನಿಸ್ ಬೆರಳು ತುಂಡಾದ ವೈರಿನ ಕಡೆಗೆ. ಶುಕ್ರವಾರಗಳಂದು ತನ್ನ ಬಸ್ಸು ಹತ್ತುತ್ತಿದ್ದ ಇದೇ ಗ್ಲೆನಿಸ್ ಕೂರುವ ತನಕ ಎಷ್ಟು ಸಲ ಕಾದಿದ್ದನೋ!

“ಮುಟ್ಬೇಡ! ನಾರ್ಮಾ, ಸ್ವಿಚ್ ಮುಟ್ಬೇಡ! ಗ್ಲೆನಿಸ್, ಕೈ ತೆಗೀರಿ! ನಾನು ಸುಳ್ಳು ಹೇಳಿದ್ದೆ, ಯಾವ ರೂಲೂ ಇಲ್ಲ, ನಾನೇ ಹೂತಿದ್ದು!”

ಬೀದಿಗೆಲ್ಲ ಕೇಳಿಸಿತು. ಓಡಿಹೋಗಿ ಸಿಂಕಿನ ಹಿಂದೆ ಸಿಕ್ಕಿಸಿದ್ದ ಆ ವೈರಿನ ಪ್ಲಗ್ಗು ಕಿತ್ತ.

ನಾರ್ಮಾ ಬೈಯಲಿಲ್ಲ. ಗೋಡೆಯ ಬೋರ್ಡಿನತ್ತ ಬೆರಳು ಮಾಡಿದಳು. ಅಡುಗೆಮನೆ ರಿಪೇರಿಯ ಕಾಲಕ್ಕೆ ಅವಳು ಹಟ ಹಿಡಿದು ಹಾಕಿಸಿದ, ಕರೆಂಟು ಸೋರಿದ ಕ್ಷಣಕ್ಕೇ ತಾನಾಗಿ ಬಿದ್ದುಹೋಗುವ ಸ್ವಿಚ್ಚು. “‘ಹಳೇ ಫ್ಯೂಸು ನನ್ನಷ್ಟೇ ಗಟ್ಟಿಯಾಗಿದೆ, ಹೊಸದ್ಯಾಕೆ?’ ಅಂದಿದ್ದೆ ನೀನು” ಎಂದಳು. “ನನಗೆ ಅದೇ ಭಯ ಇದ್ದದ್ದು.”

ಮುಂದಿನ ವಾರ ತಾರಿಖ್ ಎಂಬ ಎಲೆಕ್ಟ್ರಿಶಿಯನ್ ಬಂದ. ಉಕ್ಕಿನ ಕವಚದ ಕೇಬಲ್, ಅದರ ಮೇಲೆ ಎಚ್ಚರಿಕೆಯ ಹಳದಿ ಪಟ್ಟಿ, ಶೆಡ್ಡಿಗೇ ಬೇರೆ ಸ್ವಿಚ್ಚು. ಕಾಲುವೆಯನ್ನು ಅರ್ನಾಲ್ಡನೇ ತೋಡಿದ, ತನ್ನ ನೆಲದಲ್ಲೇ, ಬೇರನ್ನು ಸುತ್ತುಹಾಕಿ.

“ಸಾಕು ಅಂಕಲ್, ಸನಿಕೆ ಮುಟ್ಟದಷ್ಟು ಆಳ ಆಯ್ತು. ಹೆಣ ಏನಾದ್ರೂ ಹೂಳ್ತೀರಾ?”

“ಅದನ್ನ ತಪ್ಪಿಸೋಕೇ ಅಗೀತಿದೀನಿ” ಎಂದ ಅರ್ನಾಲ್ಡ್.

ಆಮೇಲೆ ಕೈ ತೊಳೆದು, ಕೋಟು ಹಾಕಿಕೊಂಡು, ಗ್ಲೆನಿಸ್ ಮನೆಯ ಮುಂಬಾಗಿಲಿಗೇ ಹೋಗಿ ಕ್ಷಮೆ ಕೇಳಿದ. ಅವಳು ಗಾಬರಿಯಾದಳು. “ಅಯ್ಯೋ, ನನ್ನಿಂದ ನಿಮಗೆ ಎಷ್ಟೊಂದು ಕೆಲಸ. ಸಾರಿ, ಅರ್ನಾಲ್ಡ್.”

ನಿಮ್ಮ ಮನೆಯ ಹಿಂದೆಯೂ ಒಂದು ವೈರಿದೆ. ಪಂಪಿಗೋ, ಕೊಟ್ಟಿಗೆಯ ಬಲ್ಬಿಗೋ, ಸದ್ಯಕ್ಕೆ ಇರಲಿ ಎಂದು ಎಳೆದದ್ದು. ಯಾವುದೆಂದು ನಿಮಗೆ ಗೊತ್ತು. ಈ ಪತ್ರಿಕೆಯನ್ನು ಕೆಳಗಿಟ್ಟು, ಎದ್ದು ಹೋಗಿ, ಅದರ ಪ್ಲಗ್ಗು ಕೀಳಿ.