ಅಂಕಲ್ ಹಿತ್ತಲಿನ ಕೆಂಪು ಬೂತ್

ಕಳೆದ ಬೇಸಿಗೆಯಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಕೆಂಪು ಟೆಲಿಫೋನ್ ಬೂತಿನ ಬಾಗಿಲು ಎಳೆದೆ. ಹಳೇ ಬಣ್ಣದ, ಬಿಸಿಲಿಗೆ ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಇದು ಪಾರಂಪರಿಕ ಆಸ್ತಿ, ಕದಲಿಸುವಂತಿಲ್ಲ ಎಂದು ಪಕ್ಕದಲ್ಲಿ ಫಲಕವಿತ್ತು. ನನಗೆ ಅಮೆರಿಕದಲ್ಲಿ ನಾವು ಮೊದಲಿದ್ದ ಲಿವೋನಿಯಾದ ಅಂಕಲ್ ನೆನಪಾದರು...

ನಮ್ಮ ಬೀದಿಯ ಆ ಮೈಸೂರಿನ ಅಂಕಲ್ ಇಂಥದ್ದೇ ಒಂದು ಬೂತನ್ನು ಹಿತ್ತಲಲ್ಲಿ ನಿಲ್ಲಿಸಿದ್ದರು. ಪ್ರಾಯದಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಊರಲ್ಲಿದ್ದ ತಾಯಿಗೆ ಫೋನ್ ಮಾಡುತ್ತಿದ್ದದ್ದು ಇಂಥದ್ದರಿಂದಲೇ ಅಂತೆ. ಗುಜರಿಗೆ ಹೋಗಿದ್ದನ್ನು ಹಡಗಿನಲ್ಲಿ ತರಿಸಿ, ಎರಡು ವರ್ಷ ಉಜ್ಜಿ, ಬಣ್ಣ ಬಳಿದು, ಮನೆಯ ಫೋನ್ ಲೈನನ್ನೇ ಅದರೊಳಕ್ಕೆ ಎಳೆದಿದ್ದರು. ಮುಕ್ಕಾಲು ಟನ್ ಎರಕದ ಕಬ್ಬಿಣ, ನೆತ್ತಿಯಲ್ಲಿ ಕಿರೀಟದ ಗುರುತು! ಮೊದಲ ಸಲ ಕಂಡಾಗ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಆಂಟಿ ಮಾತ್ರ ಅದನ್ನು "ನನ್ನ ಸವತಿ" ಎನ್ನುತ್ತಿದ್ದರು.

ರಿಸೆಷನ್ ಬಂತು. ಒಂದೇ ವಾರದಲ್ಲಿ ಅಂಕಲ್ ಕೆಲಸವೂ ಹೋಯಿತು, ನನ್ನದೂ ಹೋಯಿತು. ಬೇರೆ ಕೆಲಸ ಸಿಗದಿದ್ದರೆ ನನ್ನ ವೀಸಾ ಮುಗಿದು, ಗಂಡನ ಓದು ಅರ್ಧಕ್ಕೆ ನಿಂತು, ಕೂಸನ್ನು ಎತ್ತಿಕೊಂಡು ವಾಪಸು ಹೊರಡಬೇಕಿತ್ತು. ದೂರದ ಡೆಸ್ ಪ್ಲೇನ್ಸ್ ಊರಿನ ಒಂದು ಕಂಪನಿಯಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಅದಕ್ಕೆ ನಾವಿಬ್ಬರೂ ಅರ್ಜಿ ಹಾಕಿದ್ದೆವು. ಅದು ಇಬ್ಬರಿಗೂ ಗೊತ್ತಿತ್ತು.

ಇಂಟರ್‌ವ್ಯೂ ಫೋನಿನಲ್ಲಿ. ನಮ್ಮ ಬೇಸ್‌ಮೆಂಟ್ ಮನೆಯಲ್ಲಿ ಸಿಗ್ನಲ್ ಇಲ್ಲ, ಕೂಸು ಬೇರೆ ಅಳುತ್ತಿತ್ತು. ಕಾರಿನಲ್ಲಿ ಕೂತು ಮಾತಾಡೋಣವೆಂದು ಹೊರಗೆ ಬಂದೆ. ಅಂಕಲ್ ಕೈ ಬೀಸಿ ಕರೆದರು.

"ಬೂತಿಗೆ ಬಾರಮ್ಮ. ನಂದು ನಿನ್ನೆ ಮುಗೀತು."

"ಬೇಡ ಅಂಕಲ್, ಅದೇ ಕೆಲ್ಸ..."

"ಗೊತ್ತು ಕಣಮ್ಮ. ಲೈನ್ ಕ್ಲಿಯರ್ ಇದೆ, ಬಾ."

ಮಾತು ಶುರುವಾದ ಐದೇ ನಿಮಿಷಕ್ಕೆ ಪಕ್ಕದ ಮನೆಯವನು ಹಿಮ ತೆಗೆಯುವ ಯಂತ್ರ ಚಾಲೂ ಮಾಡಿದ. ಏನೂ ಕೇಳಿಸದಾಯಿತು. ಕೈ ಮುಗಿಯುತ್ತಾ ಅತ್ತ ಓಡುತ್ತಿದ್ದ ಅಂಕಲ್ ಗಾಜಿನಾಚೆ ಕಂಡರು. ಯಂತ್ರ ನಿಂತಿತು. ಆಮೇಲೆ ನೋಡುತ್ತೇನೆ, ಅವನ ಡ್ರೈವ್‌ವೇಯ ಹಿಮವನ್ನೆಲ್ಲ ಅಂಕಲ್ ಸಲಿಕೆ ಹಿಡಿದು ತಾವೇ ಬಾಚುತ್ತಿದ್ದಾರೆ! ನಲವತ್ತು ನಿಮಿಷ ಬಾಚಿದರು. ಇಂಥ ಮನುಷ್ಯರೂ ಇರುತ್ತಾರಾ ಎಂದು ಬೆರಗಾಗಿ, ಒಂದೆರಡು ಉತ್ತರ ತಡವರಿಸಿದೆ.

ಆದರೂ ಕೆಲಸ ನನಗೇ ಸಿಕ್ಕಿತು. ಆಂಟಿ ಕೇಸರಿಬಾತ್ ತಂದುಕೊಟ್ಟರು. ಮುಂದಿನ ಬೇಸಿಗೆಯ ಹೊತ್ತಿಗೆ ಅವರ ಮನೆ ಬ್ಯಾಂಕಿನ ಪಾಲಾಗಿ, ಬೂತ್ ಯಾರದೋ ಲಾರಿ ಏರಿ, ಇಬ್ಬರೂ ನೇಪರ್‌ವಿಲ್‌ನ ಮಗಳ ಮನೆ ಸೇರಿದರು. ಡೆಸ್ ಪ್ಲೇನ್ಸ್‌ನ ನನ್ನ ಹೊಸ ಮನೆಗೆ ಅಲ್ಲಿಂದ ಮೂವತ್ತೇ ಮೈಲಿ. ಯಾವ ಮುಖ ಹೊತ್ತು ಹೋಗಲಿ? ಈ ಶನಿವಾರ, ಮುಂದಿನ ಶನಿವಾರ ಎನ್ನುತ್ತಲೇ ಮೂರು ವರ್ಷ ಕಳೆದೆ... ಅಂಕಲ್ ಹೋಗಿಬಿಟ್ಟರೆಂದು ಕೊನೆಗೆ ಆಂಟಿಯೇ ಫೋನ್ ಮಾಡಿದರು.

ಇಂಗ್ಲೆಂಡಿನ ಆ ಹಳ್ಳಿಯಿಂದ ಹೊರಡುವಾಗ ಗಂಡ ಕೇಳಿದರು, "ಅವರ ಜಾಗದಲ್ಲಿ ನೀನಿದ್ದಿದ್ರೆ ಬೂತ್ ಕೊಡ್ತಿದ್ಯಾ?"

ಇಲ್ಲ ಎಂದೆ. ಆ ಮಾತನ್ನು ಅಂಕಲ್ ಎದುರು ಕೂತು ಹೇಳಬೇಕಿತ್ತು.