ಬೆಂಚು ತಿರುಗಿಸಿ ಕಲಿಸುವ ಭಾಗ್ಯಮ್ಮ

ಬೆಳಗಿನ ಆರೂ ಕಾಲು. ಹಂಪಾಪುರದ ಬಸ್ ನಿಲ್ದಾಣದಲ್ಲಿ ಭಾಗ್ಯಮ್ಮ ಮಡಿಲಲ್ಲಿ ಏನನ್ನೋ ಅವುಚಿಕೊಂಡು ಕುಳಿತಿದ್ದಾರೆ. ಹಳೆಯ ನೂಲಿನ ಸೀರೆಗಳನ್ನು ಮಡಿಸಿ ಹೊಲಿದ ದುಪ್ಪಟಿಯಲ್ಲಿ ಸುತ್ತಿರುವ ಅದು ದೂರದಿಂದ ನೋಡಿದವರಿಗೆ ಎಳೆಗೂಸಿನಂತೆಯೇ ಕಾಣುತ್ತದೆ. ಹೊಳೆ ಕಡೆಯ ಮಂಜು ಇನ್ನೂ ರಸ್ತೆ ಬಿಟ್ಟಿಲ್ಲ. ಮಂಜಿನೊಳಗಿಂದ ಎಚ್.ಡಿ. ಕೋಟೆ ಬಸ್ಸು ಬರುತ್ತದೆ. ಕಂಡಕ್ಟರ್ ಬಸವರಾಜು ಬಾಗಿಲಲ್ಲೇ ನಿಂತು ಕೇಳುತ್ತಾರೆ:

“ಭಾಗ್ಯಕ್ಕ, ನಿಮ್ಗೆ ಫ್ರೀ, ಸರಿ. ಮಡ್ಲಲ್ಲಿರೋ ಮಗೀಗೆ?”

“ಎಣ್ಮಗ ಕಣಪ್ಪ. ಅದ್ಕೂ ಫ್ರೀ.”

ವಾರವಾರವೂ ನಡೆಯುವ ಈ ಮಾತಿಗೆ ಮುಂದಿನ ಸೀಟಿನ ಹೆಂಗಸರು ವಾರವಾರವೂ ನಗುತ್ತಾರೆ. ದುಪ್ಪಟಿಯೊಳಗೆ ಇರುವುದು ಪ್ರೊಜೆಕ್ಟರ್. ಕಂಪ್ಯೂಟರಿನ ಚಿತ್ರವನ್ನು ಗೋಡೆಗೆ ದೊಡ್ಡದಾಗಿ ಬೀರುವ ಯಂತ್ರ. ಬಸ್ಸಿನ ಕುಲುಕಾಟಕ್ಕೆ ಅದರ ದೀಪ ಕೆಡದಿರಲಿ ಎಂದು ದುಪ್ಪಟಿ ಹೊಲಿದುಕೊಟ್ಟವರು ಅತ್ತೆ ಮರಮ್ಮ. “ನನ್ ಮೊಮ್ಮಕ್ಳಿಗೇ ಇಷ್ಟು ಮೆತ್ತಗೆ ಒಲಿದಿರ್ನಿಲ್ಲ ಕಣವ್ವ, ನಿನ್ ಡಬ್ಬಕ್ಕೆ ಒಲ್ದಿವ್ನಿ” ಎಂದು ಅವರು ಈಗಲೂ ಮೂದಲಿಸುತ್ತಾರೆ. ಮಳೆಗಾಲಕ್ಕೆ ಮೊದಲು ಹರಿದಲ್ಲೆಲ್ಲ ಹೊಲಿಗೆ ಹಾಕಿಕೊಡುವವರೂ ಅವರೇ.

ನಲವತ್ತೈದರ ಭಾಗ್ಯಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ನಾಲ್ಕು ಪದವಿ ಕಾಲೇಜುಗಳಲ್ಲಿ ಸ್ಲೈಡ್ ಪ್ರೆಸೆಂಟೇಷನ್ ಮಾಡುವುದನ್ನು ಕಲಿಸುತ್ತಾರೆ. ಮೊದಲ ಮೆಟ್ಟಿಲಿನ ಕಿರು ಕೋರ್ಸ್ ಅದು. ವಾರಕ್ಕೆ ಎರಡು ಗಂಟೆ, ಹತ್ತು ವಾರ. ಭಾನುವಾರ ತವರೂರು ಮಿರ್ಲೆಗೆ ಹೋಗಿ ತಾಯಿಯ ಜೊತೆ ಉಳಿದು ಸೋಮವಾರ ಅಲ್ಲಿಂದಲೇ ಕೆ.ಆರ್. ನಗರ. ಮಂಗಳವಾರ ಪಿರಿಯಾಪಟ್ಟಣ, ಬುಧವಾರ ಹುಣಸೂರು, ಗುರುವಾರ ಕೋಟೆ. ಉಳಿದೆರಡು ದಿನ ಕೋಟೆ ದಾರಿಯ ಹ್ಯಾಂಡ್‌ಪೋಸ್ಟ್ ಊರಿನ ಟೈಪಿಂಗ್ ಅಂಗಡಿ. ಕಾಲೇಜಿನ ಅಧ್ಯಾಪಕರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಓದಿರುವುದು ಪಿಯುಸಿ.

ಆ ಅಂಗಡಿಯಲ್ಲಿ ಕುಳಿತೇ ಅವರು ಸ್ಲೈಡ್ ಮಾಡುವುದನ್ನು ಕಲಿತದ್ದು. ಮದುವೆಯಾಗಿ ಹಂಪಾಪುರಕ್ಕೆ ಬಂದ ಕೆಲವು ವರ್ಷಕ್ಕೆ ಟೈಪಿಂಗ್ ಕೆಲಸ ಹಿಡಿದರು. ಪಹಣಿ ಅರ್ಜಿ, ಬಾಡಿಗೆ ಕರಾರು, ನಾಮಕರಣದ ಕಾರ್ಡುಗಳ ನಡುವೆ ಮೇಷ್ಟ್ರುಗಳು, ಆಫೀಸರುಗಳು, ಬಿ.ಎಡ್. ಓದುವವರು ಸ್ಲೈಡ್ ಮಾಡಿಕೊಡಿ ಎಂದು ಬರತೊಡಗಿದರು. ಭಾಗ್ಯಮ್ಮ ಮಾಡಿಕೊಟ್ಟರು. ಅವರು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೋದರು.

“ಒಂಬತ್ತು ವರ್ಸ ಮಾಡ್ದೆ. ನಾನ್ ಮಾಡಿದ್ದು ಗೋಡೆ ಮ್ಯಾಲೆ ಎಂಗೆ ಕಾಣ್ತದೆ ಅಂತ ಒಂದ್ ದಿನಾನೂ ನೋಡಿರ್ನಿಲ್ಲ” ಎನ್ನುತ್ತಾರೆ ಅವರು. “ಅಡುಗೆ ಮಾಡಿ, ಯಾರ್ ಉಂಡ್ರು, ಉಪ್ಪು ಸರಿ ಇತ್ತಾ ಅಂತ ಗೊತ್ತಾಗ್ದಿದ್ರೆ ಎಂಗಿರ್ತದೆ? ಅಂಗೆ.”

ನಾಲ್ಕು ವರ್ಷದ ಹಿಂದೆ ಕೋಟೆಯ ಕಾಲೇಜಿನ ಕಾಮರ್ಸ್ ಅಧ್ಯಾಪಕಿ ಸಂಘಮಿತ್ರ ಅಂಗಡಿಗೆ ಫೋನ್ ಮಾಡಿದರು. ಕಾರ್ಯಕ್ರಮ ಶುರುವಾಗಬೇಕು, ಅತಿಥಿಗಳ ಸ್ಲೈಡು ತೆರೆದುಕೊಳ್ಳುತ್ತಿಲ್ಲ, ಮಾಡಿದವರೇ ಬಂದು ನೋಡಬೇಕು. ಭಾಗ್ಯಮ್ಮ ಆಟೊ ಹತ್ತಿ ಹೋದರು, ಸರಿಮಾಡಿದರು, ಬಾಗಿಲ ಪಕ್ಕ ನಿಂತರು. ತಮ್ಮ ಬೆರಳು ಒತ್ತಿದ ಅಕ್ಷರಗಳು ಆಳೆತ್ತರ ಬೆಳೆದು ಗೋಡೆಯ ಮೇಲೆ ನಿಂತಿದ್ದವು. ಅವರ ಕಣ್ಣು ತುಂಬಿತು. ಆಮೇಲೆ ಅವರು ಮಾತಾಡುತ್ತಿದ್ದ ಅತಿಥಿಯ ಕಡೆ ನೋಡಿದರು. ಅತಿಥಿ ಸಭೆಗೆ ಬೆನ್ನು ಹಾಕಿ, ಗೋಡೆಯಲ್ಲಿದ್ದುದನ್ನು ಒಂದಕ್ಷರ ಬಿಡದೆ ಓದುತ್ತಿದ್ದರು.

“ಮೇಡಂ, ಅದನ್ನ ಎಲ್ರೂ ಓದ್ಕಬೌದಲ್ವಾ? ಅವ್ರು ಯಾಕೆ ಬಂದ್ರು?” ಎಂದು ಭಾಗ್ಯಮ್ಮ ಪಿಸುಗುಟ್ಟಿದರಂತೆ. ಸಂಘಮಿತ್ರ ನಗು ತಡೆಯಲಾರದೆ ಹೊರಗೆ ಎದ್ದುಹೋದರು. ಮುಂದಿನ ತಿಂಗಳು ಕೋರ್ಸ್ ಕಲಿಸಲು ಬನ್ನಿ ಎಂದು ಕರೆದವರು ಅವರೇ.

ಭಾಗ್ಯಮ್ಮನ ತರಗತಿಯಲ್ಲಿ ಮೊದಲ ಐದು ವಾರ ಕಂಪ್ಯೂಟರ್ ಮುಟ್ಟುವಂತಿಲ್ಲ. ಪ್ರೊಜೆಕ್ಟರಿನ ದೀಪಕ್ಕೆ ಇಂತಿಷ್ಟೇ ಗಂಟೆಯ ಆಯುಸ್ಸು. ಅದನ್ನು ಸುಮ್ಮನೆ ಉರಿಸಲು ಅವರಿಗೆ ಮನಸ್ಸಿಲ್ಲ. ಅದರ ಬದಲು ತರಗತಿಗೆ ಹಳೆಯ ಲಗ್ನಪತ್ರಿಕೆಗಳು ಬರುತ್ತವೆ. ದೇವರ ಚಿತ್ರ ಇರುವುದರಿಂದ ಅವುಗಳನ್ನು ಯಾರೂ ಒಲೆಗೆ ಹಾಕುವುದಿಲ್ಲ. ಎಲ್ಲರ ಮನೆಯಲ್ಲೂ ಅಟ್ಟದ ಮೇಲೆ ಕಟ್ಟುಗಟ್ಟಲೆ ಇರುತ್ತವೆ. ಅವುಗಳ ಖಾಲಿ ಬೆನ್ನೇ ಸ್ಲೈಡು. ಒಬ್ಬರಿಗೆ ಆರು ಕಾರ್ಡು, ಒಂದು ಕಾರ್ಡಿಗೆ ಒಂದೇ ವಿಷಯ, ಕೊನೆಯ ಬೆಂಚಿನವರಿಗೂ ಕಾಣುವಷ್ಟು ದಪ್ಪ ಅಕ್ಷರ. ಸ್ವಾಗತಕ್ಕೊಂದು ಗುಲಾಬಿ, ವಂದನೆಗೊಂದು ಗುಲಾಬಿ, ಹಾರಿ ಬಂದು ಕೂರುವ ಅಕ್ಷರ, ಇದ್ಯಾವುದಕ್ಕೂ ಅಲ್ಲಿ ಜಾಗವಿಲ್ಲ. “ಆರೇ ಕಾರ್ಡು ಅಂದ್ಮೇಲೆ ಗುಲಾಬಿ ಬೇಕೋ ಮಾತು ಬೇಕೋ ನೀವೇ ನೋಡ್ಕಳಿ ಅಂತೀನಿ” ಎನ್ನುತ್ತಾರೆ.

ಆರನೇ ವಾರ ಕಾರ್ಡುಗಳು, ಬೇಕಿದ್ದರೆ ಒಂದೊಂದು ಫೋಟೋದ ಜೊತೆ, ಕಂಪ್ಯೂಟರಿಗೆ ಹತ್ತುತ್ತವೆ. ಒಂಬತ್ತನೇ ವಾರ ಒಂದು ಪುಟ್ಟ ಗುಟ್ಟು ಹೊರಬೀಳುತ್ತದೆ. ಸ್ಲೈಡು ಓಡುತ್ತಿರುವಾಗ ಕೀಲಿಮಣೆಯ ‘ಬಿ’ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. “ಜನ ಚಿತ್ರ ಬುಟ್ಟು ನಿಮ್ಮನ್ನ ನೋಡ್ಬೇಕು ಅನ್ಸಿದಾಗ ಒತ್ತಿ” ಎಂದಷ್ಟೇ ಹೇಳುತ್ತಾರೆ. ಇದುವರೆಗೆ ಒತ್ತಿದವರು ಬಹಳ ಕಡಿಮೆ.

ಹತ್ತನೇ ವಾರ ಪ್ರತಿಯೊಬ್ಬರೂ ತರಗತಿಯ ಎದುರು ನಿಂತು ಆರು ಸ್ಲೈಡಿನ ಮಾತಾಡಬೇಕು. ಹಾಗೆ ಮಾತಾಡಿದವರಿಗಷ್ಟೇ ಪ್ರಮಾಣಪತ್ರ. ಇದುವರೆಗೆ ನಾನೂರ ಹನ್ನೆರಡು ಮಂದಿ ಈ ಕೋರ್ಸಿಗೆ ಸೇರಿದ್ದಾರೆ. ಕೊನೆಯ ದಿನ ಪೆನ್‌ಡ್ರೈವ್ ಮೇಜಿನ ಮೇಲಿಟ್ಟು, ಮಾತಾಡದೆ ಹೊರಟುಹೋದವರು ಒಂಬತ್ತು ಮಂದಿ. ಒಂಬತ್ತೂ ಹುಡುಗಿಯರು. ಒಂಬತ್ತು ಹೆಸರನ್ನೂ, ಊರನ್ನೂ ಭಾಗ್ಯಮ್ಮ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

“ತಲೆ ಎತ್ತಿ ಮಾತಾಡ್ಬ್ಯಾಡ ಅಂತಲೇ ಅಲ್ವಾ ನಮ್ಮನ್ನ ಬೆಳೆಸಿರಾದು? ಇಪ್ಪತ್ತು ವರ್ಸ ಅದ್ನೇ ಏಳಿ, ಒಂದಿನ ಜನ್ರ ಮುಂದೆ ನಿಲ್ಸಿ, ಮಾತಾಡು ಅಂದ್ರೆ ಗೋಡೆ ಕಡೆ ತಿರುಗ್ದೆ ಇನ್ನೇನ್ ಮಾಡ್ತವೆ” ಎನ್ನುವಾಗ ಅವರ ದನಿ ಸಣ್ಣದಾಗುತ್ತದೆ. ಅಂಗಡಿಗೆ ಬಂದವರೊಡನೆ ಕಂಪ್ಯೂಟರ್ ನೋಡಿಕೊಂಡೇ ಮಾತಾಡುತ್ತಿದ್ದ ಒಂಬತ್ತು ವರ್ಷ ಅವರಿಗೆ ಮರೆತಿಲ್ಲ.

ಇದಕ್ಕೊಂದು ದಾರಿ ತೋರಿಸಿದ್ದು ಪಿರಿಯಾಪಟ್ಟಣದ ಒಂದು ಕೋಣೆ. ಅಲ್ಲಿ ಮುಂದಿನ ಗೋಡೆ ತುಂಬ ಕಪ್ಪುಹಲಗೆ. ಬಿಳಿಯ ಗೋಡೆ ಇದ್ದದ್ದು ಹಿಂದೆ. ಪ್ರೊಜೆಕ್ಟರನ್ನು ಹಿಂದಕ್ಕೆ ತಿರುಗಿಸಿ, ಬೆಂಚುಗಳನ್ನೂ ತಿರುಗಿಸಿ ಪಾಠ ಮಾಡಬೇಕಾಯಿತು. ಮಾತಾಡುವವರು ಮಾತ್ರ ಮುಂದಿನ ಮೇಜಿನ ಬಳಿಯೇ, ಎಲ್ಲರ ಬೆನ್ನ ಹಿಂದೆ ಉಳಿದರು. ಅದುವರೆಗೆ ಬಾಯೇ ಬಿಡದ ಹುಡುಗಿಯರು ಆ ದಿನ ಮಾತಾಡಿದರು. ನೋಡುವ ಕಣ್ಣಿಲ್ಲದಿದ್ದರೆ ಮಾತು ತಾನಾಗಿ ಬರುತ್ತದೆ ಎಂದು ಭಾಗ್ಯಮ್ಮನಿಗೆ ಅಂದು ತಿಳಿಯಿತು. ಅಂದಿನಿಂದ ನಾಲ್ಕೂ ಕಾಲೇಜಿನಲ್ಲಿ ಅಭ್ಯಾಸವೆಲ್ಲ ಕೇಳುವವರ ಬೆನ್ನಿಗೆ. ಕೊನೆಯ ದಿನ ಮಾತ್ರ ಮುಖಕ್ಕೆ.

ಈ ಗುರುವಾರ ಕೋಟೆಯ ತಂಡಕ್ಕೆ ಕೊನೆಯ ದಿನ. ಬಸ್ಸಿನಿಂದ ಇಳಿದ ಭಾಗ್ಯಮ್ಮ ಎಂದಿನಂತೆ ಹರಟದೆ ನಡೆಯುತ್ತಿದ್ದಾರೆ. ಅವರ ತಲೆಯಲ್ಲಿರುವುದು ವನಿತಾ. ಕಾಡಂಚಿನ ಆದಿವಾಸಿ ಹಾಡಿಯೊಂದರಿಂದ ಬರುವ ಬಿ.ಎ. ಎರಡನೇ ವರ್ಷದ ಹುಡುಗಿ. ಆ ಹಾಡಿಯಿಂದ ಪದವಿಗೆ ಬಂದವರಲ್ಲಿ ಮೊದಲಿಗಳು. ಒಂಬತ್ತು ವಾರದಲ್ಲಿ ಬೆನ್ನಿಗೂ ಎರಡೇ ಕಾರ್ಡಿನಷ್ಟು ಮಾತಾಡಿದ್ದಾಳೆ. ಅವಳ ಐದು ಕಾರ್ಡುಗಳಲ್ಲಿ ಬರಹವಿದೆ, ಆರನೆಯದು ಖಾಲಿ. ಭಾಗ್ಯಮ್ಮ ಅದನ್ನು ನೋಡಿದ್ದಾರೆ, ಕೇಳಿಲ್ಲ. ಹೋದ ವಾರ ಹೊರಡುವಾಗ ಹತ್ತಿರ ಬಂದು, “ಅಕ್ಕ, ಪೆನ್‌ಡ್ರೈವ್ ಕೊಟ್ಬುಡ್ತೀನಿ. ಮಾತಾಡು ಅಂತ ಮಾತ್ರ ಅನ್ಬ್ಯಾಡಿ” ಎಂದಿದ್ದಳು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹತ್ತನೇ ಹೆಸರು ಬರೆಯಬೇಕಾಗುತ್ತದೆಯೇ ಎಂಬುದೇ ಭಾಗ್ಯಮ್ಮನ ಇಂದಿನ ಚಿಂತೆ.

ಮುಂದಿನ ಗೋಡೆಗೆ ಬಿಳಿ ಹಾಸುಬಟ್ಟೆ ಕಟ್ಟಿದ್ದಾಗಿದೆ. ಇಪ್ಪತ್ತೆಂಟು ಮಂದಿಯಲ್ಲಿ ಇಪ್ಪತ್ತೇಳು ಮಂದಿ ಬಂದು ನಿಂತು, ತಡವರಿಸಿ, ನಕ್ಕು, ಬೆವರಿ, ಮುಗಿಸುತ್ತಾರೆ. ಹಿಂದೆ ಕುರ್ಚಿ ಹಾಕಿಕೊಂಡು ಕುಳಿತ ಸಂಘಮಿತ್ರ ಒಂದೊಂದೇ ಹೆಸರಿಗೆ ಗುರುತು ಹಾಕುತ್ತಾರೆ. ಕೊನೆಗೆ ವನಿತಾ ಎದ್ದು ಬರುತ್ತಾಳೆ. ಪೆನ್‌ಡ್ರೈವನ್ನು ಮೇಜಿನ ಮೇಲಿಡುತ್ತಾಳೆ. ತಿರುಗಿ ಹೋಗಲು ಹೆಜ್ಜೆ ಎತ್ತುತ್ತಾಳೆ.

ಭಾಗ್ಯಮ್ಮ ಅವಳನ್ನು ತಡೆಯುವುದಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ, ಎರಡೂ ಕೈಯಿಂದ ಪ್ರೊಜೆಕ್ಟರನ್ನು ಎತ್ತಿ, ಹಿಂದಿನ ಗೋಡೆಯ ಕಡೆ ತಿರುಗಿಸುತ್ತಾರೆ. ಯಾರಿಗೂ ಏನೂ ಹೇಳಬೇಕಾಗುವುದಿಲ್ಲ. ಬೆಂಚುಗಳು ಕಿರ್ರೆಂದು ಸರಿಯುತ್ತವೆ. ಇಪ್ಪತ್ತೇಳು ಬೆನ್ನುಗಳು ವನಿತಾಳ ಕಡೆಗಾಗುತ್ತವೆ.

“ಭಾಗ್ಯಮ್ಮ, ಕೊನೇ ದಿನ ಎದುರಿಗೆ ಮಾತಾಡಬೇಕಲ್ವಾ?” ಎಂದು ಸಂಘಮಿತ್ರ ಮೆಲ್ಲಗೆ ನೆನಪಿಸುತ್ತಾರೆ.

“ಮೊದ್ಲು ಮಾತು ಬರ್ಲಿ ಬುಡಿ ಮೇಡಂ. ಎದುರು ಆಮ್ಯಾಕೆ ನೋಡುವ.”

ಸಂಘಮಿತ್ರ ತಮ್ಮ ಕುರ್ಚಿಯನ್ನೂ ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾರೆ.

ವನಿತಾ ನಿಂತಲ್ಲೇ ನಿಂತಿದ್ದಾಳೆ. ಹೊರಗೆ ಯಾರೋ ಬೈಕ್ ಒದೆಯುವ ಸದ್ದು. ಆಮೇಲೆ ಅವಳ ಬೆರಳು ಕೀಲಿಮಣೆಗೆ ಬರುತ್ತದೆ. ಗೋಡೆಯ ಮೇಲೆ ಹಾಡಿಯ ಒಂದು ಹಂಚಿನ ಮನೆ.

“ನಮ್ಮವ್ವ ಬೆಳ್ಳಿ. ದಿನಾ ಶುಂಠಿ ಕೆಲಸಕ್ಕೆ ಓಗ್ತದೆ. ಇದು ಅವ್ವ ನಡೆಯೋ ದಾರಿ.”

ಎರಡನೆಯದು ಹಳ್ಳ, ದಾಟುವ ಕಡೆ ಇಟ್ಟ ಮೂರು ಕಲ್ಲು. ಮೂರನೆಯದು ಆನೆ ಕಂದಕ. ಅದರ ಮೇಲೆ ಹಾಕಿದ ಮರದ ದಿಮ್ಮಿಯನ್ನು ಅವ್ವ ಚಪ್ಪಲಿ ಕೈಯಲ್ಲಿ ಹಿಡಿದೇ ದಾಟುತ್ತಾಳಂತೆ. ನಾಲ್ಕನೆಯದು ಹುಣಸೆಮರ, ಎಲ್ಲ ಹೆಂಗಸರೂ ಸೇರುವ ಜಾಗ. ಐದನೆಯದರಲ್ಲಿ ರಸ್ತೆ, ಕೂಲಿಯವರನ್ನು ತುಂಬಿಕೊಳ್ಳುವ ಜೀಪು, ಹತ್ತುತ್ತಿರುವ ಒಂದು ಕಾಲು.

ಇನ್ನು ಉಳಿದಿರುವುದು ಆರನೆಯದು. ಅದು ಖಾಲಿ ಎಂದು ಪಕ್ಕದಲ್ಲಿ ನಿಂತ ಭಾಗ್ಯಮ್ಮನಿಗೆ ಗೊತ್ತು. ವನಿತಾಳ ಬೆರಳು ಒಂದು ಕ್ಷಣ ಸುಳಿದಾಡಿ ‘ಬಿ’ ಒತ್ತುತ್ತದೆ. ಗೋಡೆ ಕಪ್ಪಾಗುತ್ತದೆ.

“ಇಲ್ಲಿಂದ ಆಚೆಗೆ ಫೋಟೋ ಇಲ್ಲ” ಎನ್ನುತ್ತಾಳೆ ವನಿತಾ. “ಒಂದಿನ ನಾನೂ ಬತ್ತೀನಿ ಅಂದೆ. ಅವ್ವ ನನ್ನ ಜೀಪ್ ಅತ್ತಾಕೆ ಬುಡ್ಲಿಲ್ಲ. ನೀನು ಬಸ್ ಅತ್ತು ಅಂತು. ಅದ್ಕೇ ನಾನು ಇಲ್ಲಿವ್ನಿ.”

ಗೋಡೆಯಲ್ಲಿ ನೋಡಲು ಏನೂ ಇಲ್ಲ. ಮೊದಲು ಕಿಟಕಿ ಪಕ್ಕದ ಹುಡುಗಿಯೊಬ್ಬಳು ದನಿ ಬಂದ ಕಡೆ ತಿರುಗುತ್ತಾಳೆ. ಆಮೇಲೆ ಅವಳ ಬೆಂಚು. ಆಮೇಲೆ ಒಂದೊಂದೇ ತಲೆ, ಒಂದೊಂದೇ ಹೆಗಲು, ಇಡೀ ಕೋಣೆ. ಸಂಘಮಿತ್ರ ಕೂಡ. ಇಪ್ಪತ್ತೇಳು ಮುಖಗಳ ಎದುರು ವನಿತಾ ನಿಂತಿದ್ದಾಳೆ. ಅವಳು ಗೋಡೆಯ ಕಡೆ ತಿರುಗುವುದಿಲ್ಲ. ತಲೆ ತಗ್ಗಿಸುವುದೂ ಇಲ್ಲ.

“ಇಷ್ಟೇ” ಎಂದು ಹೇಳಿ ಮುಗಿಸುತ್ತಾಳೆ.

ಸಂಘಮಿತ್ರ ಪಟ್ಟಿಯ ಕೊನೆಯ ಹೆಸರಿಗೆ ಗುರುತು ಹಾಕುತ್ತಾರೆ. ಭಾಗ್ಯಮ್ಮ ಪ್ರೊಜೆಕ್ಟರಿನ ಬಿಸಿ ಆರುವವರೆಗೆ ಕಾದು, ದುಪ್ಪಟಿಯ ಒಂದೊಂದೇ ತುದಿ ಎಳೆದು ಸುತ್ತತೊಡಗುತ್ತಾರೆ. ನಾಲ್ಕು ವರ್ಷದಲ್ಲಿ ತಾವು ಹೇಳಿಕೊಟ್ಟ ಆ ಒಂದು ಕೀಲಿ ಇದಕ್ಕಾಗಿಯೇ ಇತ್ತು ಎಂಬುದು ಅವರಿಗೂ ಗೊತ್ತಿರಲಿಲ್ಲ.

ಕೋಟೆಯ ನಿಲ್ದಾಣದಲ್ಲಿ ಹಂಪಾಪುರದ ಕಡೆಗೆ ಹೊರಟ ಬಸ್ಸಿನಲ್ಲೂ ಬಸವರಾಜು ಅವರೇ. “ಏನಕ್ಕ, ಇವತ್ತು ಮಗೀನ ಜ್ವಾಪಾನಾಗಿ ಇಡ್ಕಂಡಿದ್ದೀರಿ?” ಎಂದು ಕೇಳುತ್ತಾರೆ. ಭಾಗ್ಯಮ್ಮ ನಕ್ಕು ಸೀಟಿಗೆ ಒರಗುತ್ತಾರೆ. ಬಸ್ಸು ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ ಚೀಲದಿಂದ ನೋಟ್‌ಬುಕ್ ತೆಗೆದು ಕೊನೆಯ ಹಾಳೆ ತಿರುವುತ್ತಾರೆ. ಅಲ್ಲಿ ಒಂಬತ್ತೇ ಹೆಸರುಗಳಿವೆ. ಪೆನ್ನು ತೆಗೆಯುವ ಅಗತ್ಯವಿಲ್ಲ.

ಮುಂದೇನು ಆಸೆ ಎಂದು ಕೇಳಿದರೆ ಅವರು ಹೊಸ ಪ್ರೊಜೆಕ್ಟರ್ ಕೇಳುವುದಿಲ್ಲ, ಅಧ್ಯಾಪಕರ ಪಟ್ಟಿಯಲ್ಲಿ ಹೆಸರು ಕೇಳುವುದಿಲ್ಲ. ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು ಹೇಳುತ್ತಾರೆ:

“ಇವ್ರು ಒಂಬತ್ತು ಜನ ಎಲ್ಲವ್ರೋ, ಯಾರ್ ಮನೆ ಸೇರವ್ರೋ. ಒಂದ್ಸಲ ಬಂದು ನನ್ ಬೆನ್ನಿಂದೆ ನಿಂತ್ಕಂಡು ಮಾತಾಡ್ಲಿ. ಸ್ಲೈಡೂ ಬ್ಯಾಡ, ಏನೂ ಬ್ಯಾಡ. ನಾನು ತಿರುಗಿ ನೋಡ್ತೀನಿ.”